ಕ್ಷ-ಕಿರಣವೂ ಖಾತೆಪುಸ್ತಕವೂ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)



ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿಕೊಂಡಿರುವ ಪಂಡಿತನೊಬ್ಬನಿಗೂ ಕ್ಷ-ಕಿರಣದ ಚಿತ್ರ ತೆಗೆಯುವ ಕೇಂದ್ರದ ಜಮಾಖರ್ಚಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಸಮಾಸ ಬಿಡಿಸುವುದು, ಅಲಂಕಾರ ಗುರುತಿಸುವುದು, ಷಟ್ಪದಿಗೆ ಪ್ರಸ್ತಾರ ಹಾಕುವುದು, ಸುಮಾರು ಮೂವತ್ತು ವರ್ಷದಿಂದ ನನ್ನ ಕಸುಬು ಇಷ್ಟೆ. ಆದರೆ ಮನುಷ್ಯನಿಗೆ ಕಸುಬು ಒಂದಾದರೆ ನೆಂಟಸ್ತಿಕೆ ಹತ್ತು. ನನ್ನ ತಂಗಿಯ ಮಗ ವೈದ್ಯ ಪರೀಕ್ಷೆ ಮುಗಿಸಿ, ಅದರ ಮೇಲೆ ಮೂರು ವರ್ಷ ರೇಡಿಯಾಲಜಿ ಎಂಬ ಶಾಸ್ತ್ರವನ್ನು ಓದಿ, 2022ರಲ್ಲಿ ನಮ್ಮ ತಾಲ್ಲೂಕು ಊರಿನಲ್ಲಿಯೇ ಒಂದು ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್ ಕೇಂದ್ರವನ್ನು ತೆರೆದ. ಬ್ಯಾಂಕಿನ ಸಾಲಕ್ಕೆ ತಂಗಿಯ ಮನೆಯ ಪತ್ರ ಆಧಾರ. ಜಾಮೀನಿನ ರುಜು ನನ್ನದು. ಜಾಮೀನು ಹಾಕಿದವನಿಗೆ ಲೆಕ್ಕಶಾಸ್ತ್ರದಲ್ಲಿ ಆಸಕ್ತಿ ತಾನಾಗಿಯೇ ಹುಟ್ಟುತ್ತದೆ. ಅದನ್ನು ಯಾವ ಗುರುವೂ ಕಲಿಸಬೇಕಾಗಿಲ್ಲ.

2023ರ ಬೇಸಗೆ ರಜೆ ಬಂದಿತು. ಒಂದು ಸಂಜೆ ಅಳಿಯ ಮನೆಗೆ ಬಂದು ಜಗಲಿಯ ಮೇಲೆ ಕುಳಿತ. ಮುಖ ಬಾಡಿತ್ತು. "ಮಾವ, ಚಿತ್ರ ನೋಡಿ ರೋಗ ಹೇಳೋದನ್ನ ನನಗೆ ಕಲಿಸಿದರು. ಚೀಟಿ ನೋಡಿ ಸಾಲ ತೀರಿಸೋದನ್ನ ಯಾರೂ ಕಲಿಸಲಿಲ್ಲ. ರಜೆ ಮುಗಿಯೋವರೆಗೆ ನೀವು ಬಂದು ಲೆಕ್ಕದ ಕಡೆ ಒಂದಿಷ್ಟು ನೋಡಿ" ಎಂದ. ಹೀಗೆ ನಾನು ಆ ಕೇಂದ್ರದ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಕಿರ್ದಿಪುಸ್ತಕ, ಒಂದು ಚೀಲ ರಶೀದಿ ಇವುಗಳ ನಡುವೆ ಸುಮಾರು ಏಳು ವಾರ ಕಳೆದೆ. ಅಲ್ಲಿ ಕಂಡದ್ದನ್ನೂ ಕಲಿತದ್ದನ್ನೂ, ನಾಚಿಕೆಪಟ್ಟದ್ದನ್ನೂ ಈ ಹೊತ್ತು ನಿಮ್ಮ ಮುಂದೆ ಹೇಳುತ್ತೇನೆ.

ಮೊದಲು ಆ ಹೆಸರನ್ನೇ ನೋಡೋಣ. 1895ನೆಯ ಇಸವಿ ನವೆಂಬರ್ 8ರಂದು ಜರ್ಮನಿಯ ವೂರ್ಟ್ಸ್‌ಬುರ್ಗ್ ಎಂಬ ಊರಿನಲ್ಲಿ ವಿಲ್‌ಹೆಲ್ಮ್ ರೋಂಟ್ಗೆನ್ ಎಂಬ ಪ್ರೊಫೆಸರರು ತಮ್ಮ ಪ್ರಯೋಗಶಾಲೆಯ ಕತ್ತಲಲ್ಲಿ ಒಂದು ವಿಚಿತ್ರ ಬೆಳಕನ್ನು ಕಂಡರು. ಅದು ಏನೆಂದು ತಿಳಿಯದ ಕಾರಣ ಬೀಜಗಣಿತದವರು ಗೊತ್ತಿಲ್ಲದ ಸಂಖ್ಯೆಗೆ ಇಡುವ ಅಕ್ಷರವನ್ನೇ ಅದಕ್ಕೂ ಇಟ್ಟರು. ನಮ್ಮವರು ಅದನ್ನು ಕನ್ನಡಿಸುವಾಗ, ನಮ್ಮ ಬೀಜಗಣಿತದ ಪುಸ್ತಕಗಳಲ್ಲಿ ಆ ಕೆಲಸ ಮಾಡುತ್ತಿದ್ದ 'ಕ್ಷ'ವನ್ನು ಕರೆದು ಕ್ಷ-ಕಿರಣ ಎಂದರು. ವರ್ಣಮಾಲೆಯ ಕಡೆಯಲ್ಲಿ ಬಂದು ಕೂಡುವ ಈ ಒತ್ತಕ್ಷರಕ್ಕೆ ಇಂಥ ದೊಡ್ಡ ಪದವಿ ಸಿಕ್ಕಿತಲ್ಲ ಎಂದು ನನಗೆ ಬಹಳ ದಿನದಿಂದ ಸಂತೋಷ. ಇನ್ನೊಂದು ಮಾತು. ಆ ಮಹಾನುಭಾವರು ತಾವು ಕಂಡುಹಿಡಿದದ್ದಕ್ಕೆ ಪೇಟೆಂಟು ಪಡೆಯಲಿಲ್ಲ. ಅದು ಲೋಕದ ಸೊತ್ತಾಗಲಿ ಎಂದು ಬಿಟ್ಟರು. 1901ರಲ್ಲಿ ಭೌತಶಾಸ್ತ್ರದ ಮೊತ್ತಮೊದಲ ನೊಬೆಲ್ ಬಹುಮಾನ ಅವರಿಗೆ ಬಂದಾಗ ಆ ಹಣವನ್ನು ತಮ್ಮ ವಿಶ್ವವಿದ್ಯಾನಿಲಯಕ್ಕೆ ಕೊಟ್ಟುಬಿಟ್ಟರು.

ಕಂಡುಹಿಡಿದವರು ಕಾಸು ಮುಟ್ಟಲಿಲ್ಲ, ನಿಜ. ಆದರೆ ಅದನ್ನು ಊರಿಗೆ ತಂದು ನಿಲ್ಲಿಸುವವನು ಕಾಸಿನ ಮಾತು ಆಡದೆ ಒಂದು ದಿನವೂ ನಡೆಯದು. ಕೇಂದ್ರದಲ್ಲಿ ಕುಳಿತ ಮೊದಲ ವಾರದಲ್ಲಿಯೇ ನನಗೆ ಇದು ತಿಳಿಯಿತು. ಹತ್ತಿರದ ಅಕ್ಕಿ ಗಿರಣಿಯನ್ನು ನೆನೆದುಕೊಳ್ಳಿ. ಭತ್ತ ಬಂದರೂ ಬಾಡಿಗೆ, ಬಾರದಿದ್ದರೂ ಬಾಡಿಗೆ. ಯಂತ್ರ ತಿರುಗಿದರೂ ಸಾಲ, ನಿಂತರೂ ಸಾಲ. ಸ್ಕ್ಯಾನಿಂಗ್ ಕೇಂದ್ರವೂ ಹಾಗೆಯೇ. ಒಂದು ಪರೀಕ್ಷೆಗೆಂದು ಪ್ರತ್ಯೇಕವಾಗಿ ಖರ್ಚಾಗುವುದು ಬಹಳ ಕಡಿಮೆ. ಯಾರೂ ಬಾರದಿದ್ದರೂ ಆಗುವ ಖರ್ಚೇ ಹೆಚ್ಚು. ಈ ಒಂದು ಸೂತ್ರವನ್ನು ಹಿಡಿದರೆ ಮಿಕ್ಕದ್ದೆಲ್ಲ ಅದರಿಂದಲೇ ಹೊರಡುತ್ತದೆ.

ಒಂದು ಲೆಕ್ಕ ಮಾಡೋಣ. ಮೇಷ್ಟರ ಅಭ್ಯಾಸ, ಕ್ಷಮಿಸಿ. ಬೇಕಾದವರು ಒಂದು ಚೀಟಿಯ ಮೇಲೆ ಬರೆದುಕೊಳ್ಳಿ. ಇವು ಲೆಕ್ಕದ ಸೌಕರ್ಯಕ್ಕಾಗಿ ನಾನು ಹಿಡಿದ ಅಂಕಿಗಳು; ಯಾವ ಅಂಗಡಿಯ ಗುಟ್ಟೂ ಅಲ್ಲ. ಒಂದು ಎಕ್ಸ್‌ರೇ ಯಂತ್ರ, ಒಂದು ಅಲ್ಟ್ರಾಸೌಂಡ್ ಯಂತ್ರ, ಇವಕ್ಕಾಗಿ 30 ಲಕ್ಷ ರೂಪಾಯಿ ಸಾಲ ಮಾಡಿದೆವು ಎನ್ನಿ. ನೂರಕ್ಕೆ 12ರ ಬಡ್ಡಿ, 5 ವರ್ಷದ ವಾಯಿದೆ. ತಿಂಗಳ ಕಂತು ಸುಮಾರು 66,700 ರೂಪಾಯಿ. ಕಟ್ಟಡದ ಬಾಡಿಗೆ 25,000. ಚಿತ್ರ ತೆಗೆಯುವ ಇಬ್ಬರು ಟೆಕ್ನಿಷಿಯನ್ನರು, ಚೀಟಿ ಬರೆಯುವ ಒಬ್ಬ ಹುಡುಗಿ, ಕಸಗುಡಿಸುವ ಒಬ್ಬ ತಾಯಿ, ಇವರ ಸಂಬಳ ಒಟ್ಟು 70,000. ವಿದ್ಯುತ್ತಿಗೆ 13,000. ಯಂತ್ರಗಳ ದುರಸ್ತಿಯ ಒಪ್ಪಂದಕ್ಕೆಂದು ತಿಂಗಳಿಗೆ ತೆಗೆದಿಡುವುದು 15,000. ಪರವಾನಗಿ, ಕಾಗದ, ಟೆಲಿಫೋನು ಇತ್ಯಾದಿ ಸಣ್ಣಪುಟ್ಟದ್ದು 10,300. ಇಲ್ಲಿಗೆ 2 ಲಕ್ಷ. ಡಾಕ್ಟರನೂ ಊಟ ಮಾಡಬೇಕು, ಅವನ ಮನೆಗೆಂದು 60,000. ಒಟ್ಟು 2,60,000 ರೂಪಾಯಿ.

ಇನ್ನು ಆದಾಯ. ಒಂದು ಪರೀಕ್ಷೆಗೆ ಸರಾಸರಿ 700 ರೂಪಾಯಿ ಎನ್ನಿ. ಅದರಲ್ಲಿ ಫಿಲಮು, ಹೊಟ್ಟೆಗೆ ಸವರುವ ಜೆಲ್ಲು, ಕಾಗದ, ಲಕೋಟೆ, ಇವಕ್ಕೆ 50 ರೂಪಾಯಿ ಕಳೆಯಿರಿ. ಕೈಗೆ ನಿಲ್ಲುವುದು 650. ಎರಡು ಲಕ್ಷದ ಅರವತ್ತು ಸಾವಿರವನ್ನು 650ರಿಂದ ಭಾಗಿಸಿದರೆ ಸರಿಯಾಗಿ 400. ತಿಂಗಳಿಗೆ 25 ದಿನ ಕೆಲಸವೆಂದರೆ ದಿನಕ್ಕೆ 16 ಪರೀಕ್ಷೆ. ಹದಿನಾರನೆಯ ರೋಗಿ ಬಾಗಿಲಿಂದ ಹೊರಗೆ ಹೋದಾಗ ಆ ದಿನದ ಖರ್ಚು ಕೂಡಿತು ಎಂದರ್ಥ.

ಅಳಿಯನ ಕೇಂದ್ರಕ್ಕೆ ಆಗ ದಿನಕ್ಕೆ ಸುಮಾರು ಹತ್ತು ಮಂದಿ ಬರುತ್ತಿದ್ದರು. ಈ ಅಂಕಿಗಳ ಅಳತೆಯಲ್ಲಿಯೇ ಹೇಳುವುದಾದರೆ, ತಿಂಗಳಿಗೆ ಬಂದದ್ದು 1,62,500. ಅಳಿಯ ತನ್ನ ಮನೆಗೆ ಒಂದು ಕಾಸನ್ನೂ ಒಯ್ಯದಿದ್ದರೂ 37,500 ರೂಪಾಯಿ ಕೊರತೆ. ಬಾಡಿದ ಮುಖದ ಕಾರಣ ನನಗೆ ಅರ್ಥವಾಯಿತು. ಆ ರಾತ್ರಿ ಜಾಮೀನಿನ ರುಜುವೂ ಒಂದು ಸಲ ಕಣ್ಣ ಮುಂದೆ ಬಂದಿತು.

ಇದರ ಮೇಲೆ ಕಾನೂನಿನ ಭಾರ ಬೇರೆ. ಭಾರವೆಂದೆ, ತಪ್ಪು. ಅದು ಬೇಲಿ. ಕ್ಷ-ಕಿರಣದ ಯಂತ್ರ ಇಡಬೇಕಾದರೆ 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಗೋಡೆ ಇಷ್ಟು ದಪ್ಪವಿರಬೇಕು, ಬಾಗಿಲಿಗೆ ಸೀಸದ ತಗಡು ಹೊದಿಸಬೇಕು, ಕೆಲಸದವರು ಎದೆಯ ಮೇಲೆ ಒಂದು ಬಿಲ್ಲೆ ಧರಿಸಬೇಕು. ಆ ಬಿಲ್ಲೆ ಮೂರು ಮೂರು ತಿಂಗಳಿಗೊಮ್ಮೆ ಪ್ರಯೋಗಶಾಲೆಗೆ ಹೋಗಿ, ಅವರ ಮೈಗೆ ಎಷ್ಟು ಕಿರಣ ತಾಕಿತು ಎಂಬ ವರದಿ ಬರಬೇಕು. ಅಲ್ಟ್ರಾಸೌಂಡಿನಲ್ಲಿ ಈ ಕಿರಣವಿಲ್ಲ. ಅದು ಕಿವಿಗೆ ಕೇಳಿಸದ ಶಬ್ದದ ಅಲೆ. ಆದರೆ ಅದಕ್ಕೆ ಇನ್ನೂ ಬಿಗಿಯಾದ ಕಟ್ಟು. 1994ರಲ್ಲಿ ಆದ, 2003ರಲ್ಲಿ ತಿದ್ದುಪಡಿಯಾದ ಕಾಯಿದೆಯ ಪ್ರಕಾರ ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಬಾಯಲ್ಲಿ ಮಾತ್ರವಲ್ಲ, ಸನ್ನೆಯಲ್ಲಿಯೂ ಹೇಳುವಂತಿಲ್ಲ. ಮೊದಲ ತಪ್ಪಿಗೇ 3 ವರ್ಷದವರೆಗೆ ಸೆರೆಮನೆ, 10,000 ರೂಪಾಯಿಯವರೆಗೆ ದಂಡ. ಪ್ರತಿಯೊಬ್ಬ ಗರ್ಭಿಣಿಗೂ 'ಎಫ್' ಎಂಬ ನಮೂನೆ ತುಂಬಬೇಕು. ಪ್ರತಿ ತಿಂಗಳ 5ನೆಯ ತಾರೀಖಿನೊಳಗೆ ಅಧಿಕಾರಿಗಳಿಗೆ ವರದಿ ಹೋಗಬೇಕು. ದಾಖಲೆಗಳನ್ನು 2 ವರ್ಷ ಕಾಪಾಡಬೇಕು. ನಮೂನೆ ಸರಿಯಾಗಿ ತುಂಬದಿರುವುದು ಬರಿಯ ಗುಮಾಸ್ತೆಯ ಮರೆವಲ್ಲ, ಅಪರಾಧವೇ ಎಂದು ಸರ್ವೋಚ್ಚ ನ್ಯಾಯಾಲಯವೂ 2019ರಲ್ಲಿ ಎತ್ತಿಹಿಡಿಯಿತು.

ಇಷ್ಟು ಕಾಗದ ಏಕೆ ಎಂದು ನಾನು ಮೊದಮೊದಲು ಗೊಣಗಿದ್ದುಂಟು. ಒಂದು ದಿನ ಹಿರಿಯರೊಬ್ಬರು ಸೊಸೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ನನ್ನನ್ನು ಮೇಷ್ಟರೆಂದು ಗುರುತು ಹಿಡಿದು ಹತ್ತಿರ ಬಂದರು. "ಸ್ವಾಮಿ, ನೀವು ದೊಡ್ಡವರು. ಡಾಕ್ಟರ ಕೈಲಿ ಹೇಳಿಸಬೇಡಿ. ಲಡ್ಡು ತರಲೋ ಜಿಲೇಬಿ ತರಲೋ ಅಷ್ಟು ಹೇಳಿದರೆ ಸಾಕು" ಎಂದು ಮೆಲ್ಲನೆ ಕೇಳಿದರು. ಕಿಸೆಯಲ್ಲಿ ನೋಟಿನ ಕಟ್ಟು ಇತ್ತು. ನಾನು ಗೋಡೆಯ ಮೇಲಿನ ಕನ್ನಡ ಫಲಕವನ್ನು ತೋರಿಸಿ, ಗಟ್ಟಿಯಾಗಿ ಓದಿ ಹೇಳಿದೆ. ಅವರು ಮುಖ ತಿರುಗಿಸಿದರು. ಆ ಸೊಸೆ ಮಾತ್ರ ನನ್ನನ್ನು ಒಂದು ಗಳಿಗೆ ನೋಡಿದಳು. ಆ ನೋಟವನ್ನು ಮರೆಯಲಾರೆ. ಅದೇ ವರ್ಷದ ಕೊನೆಗೆ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಕದ್ದು ಇಂಥ ಸ್ಕ್ಯಾನಿಂಗ್ ನಡೆಸುತ್ತಿದ್ದ ಸಂಗತಿ ಬಯಲಿಗೆ ಬಂದು ಪತ್ರಿಕೆಗಳಲ್ಲಿ ಓದಿದಾಗ, 'ಎಫ್' ನಮೂನೆಯ ಪ್ರತಿಯೊಂದು ಗೆರೆಯೂ ಏಕೆ ಬೇಕೆಂದು ನನಗೆ ಪೂರ್ಣವಾಗಿ ತಿಳಿಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ ಇಂಥ ಕೆಲಸ!

ಈಗ ನಿಜವಾದ ಗಂಟಿಗೆ ಬರುತ್ತೇನೆ.

ಮೇ ತಿಂಗಳ ಮೊದಲ ವಾರ. ಒಬ್ಬ ಸಭ್ಯಗೃಹಸ್ಥರು ಬಂದರು. ಯಾರು, ಯಾರ ಕಡೆಯವರು ಎಂಬುದು ಬೇಡ. ಕಾಫಿ ಕುಡಿದು, ಮಳೆಬೆಳೆಯ ಮಾತಾಡಿ, ಆಮೇಲೆ ಅಳಿಯನಿಗೆ ಹೇಳಿದರು: "ಡಾಕ್ಟರೇ, ನಿಮ್ಮ ಯಂತ್ರ ಹೊಸದು, ವಿದ್ಯೆ ದೊಡ್ಡದು. ಆದರೆ ಪದ್ಧತಿ ಹಳೇದು. ಕಳಿಸಿದವರಿಗೆ ನೂರಕ್ಕೆ ಮೂವತ್ತು. ತಿಂಗಳ ಕೊನೇಲಿ ಲಕೋಟೆ. ಆಮೇಲೆ ನಿಮ್ಮ ಬೆಂಚಲ್ಲಿ ಕೂರಕ್ಕೆ ಜಾಗ ಇರೋದಿಲ್ಲ, ನೋಡಿ." ಇದಕ್ಕೆ ಪೇಟೆಯಲ್ಲಿ ಕಮಿಷನ್ ಎಂದೂ ಕಟ್ ಎಂದೂ ಹೆಸರು. ಪುಸ್ತಕದಲ್ಲಿ ಬರೆಯುವುದು ಹೇಗೆ ಎಂದು ನಾನು ಕೇಳಿದೆ. "ಪ್ರಚಾರ ವೆಚ್ಚ ಅಂತ ಬರೀರಿ ಮೇಷ್ಟ್ರೇ, ಅಥವಾ ಇತರೆ ಅಂತ" ಎಂದು ನಕ್ಕರು.

ರೋಗಿಯನ್ನು ಕಳಿಸಿದ್ದಕ್ಕಾಗಿ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ 2002ರ ವೈದ್ಯ ನಡವಳಿಕೆಯ ನಿಯಮಾವಳಿ ಸ್ಪಷ್ಟವಾಗಿ ನಿಷೇಧಿಸಿದೆ. ಅಳಿಯನಿಗೆ ಅದು ಗೊತ್ತು, ನನಗೂ ಹೇಳಿದ. ಆದರೂ ಆ ರಾತ್ರಿ ನಾನು ಅವನಿಗೆ ಏನು ಹೇಳಿದೆ ಬಲ್ಲಿರಾ? ತರಗತಿಯಲ್ಲಿ ನಿಂತು ಸತ್ಯಹರಿಶ್ಚಂದ್ರನ ಕಥೆಯನ್ನು ಗಂಟಲು ತುಂಬಿ ಹೇಳುವ ಈ ಪಂಡಿತ, "ಒಂದು ವರ್ಷ ಕೊಟ್ಟು ನೋಡಪ್ಪ. ಸಾಲ ಇಳಿದ ಮೇಲೆ ನಿಲ್ಲಿಸಿದರಾಯಿತು" ಎಂದ. ನಮ್ಮ ಹುಡುಗರು ಕೇಳುತ್ತಿದ್ದಾರೇನೋ, ಕೇಳಲಿ. ತಂಗಿಯ ಮನೆಯ ಪತ್ರ ಬ್ಯಾಂಕಿನ ಪೆಟ್ಟಿಗೆಯಲ್ಲಿದ್ದಾಗ ಹರಿಶ್ಚಂದ್ರನ ಕಥೆ ಸ್ವಲ್ಪ ದೂರದಲ್ಲಿ ಕಾಣಿಸುತ್ತದೆ. ಅಳಿಯ ಏನೂ ಹೇಳಲಿಲ್ಲ. "ನಾಳೆ ನೋಡೋಣ ಮಾವ" ಎಂದು ಎದ್ದು ಹೋದ.

ಮರುದಿನ ಹಳ್ಳಿಯಿಂದ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಗೆ ನಾಲ್ಕು ದಿನದಿಂದ ಹೊಟ್ಟೆನೋವು. ಸ್ಕ್ಯಾನಿಂಗಿಗೆ 700 ರೂಪಾಯಿ. ಆಕೆ ಸೆರಗಿನ ಗಂಟು ಬಿಚ್ಚಿ, ನೂರರ ನೋಟು ಎರಡು, ಐವತ್ತರವು ಕೆಲವು, ಉಳಿದದ್ದೆಲ್ಲ ಹತ್ತು ಇಪ್ಪತ್ತರ ನೋಟುಗಳು, ಒಂದೊಂದಾಗಿ ಮೇಜಿನ ಮೇಲೆ ಇಟ್ಟು ಎರಡು ಸಲ ಎಣಿಸಿದಳು. ಅವಳು ಎಣಿಸುತ್ತಿದ್ದಾಗ ನಾನು ಪಕ್ಕದಲ್ಲಿ ಹಿಂದಿನ ರಾತ್ರಿಯ ಲೆಕ್ಕದ ಉಳಿದ ಭಾಗವನ್ನು ಮಾಡುತ್ತಿದ್ದೆ. ಆ ಲೆಕ್ಕವನ್ನು ನೀವೂ ಕೇಳಿ.

700 ರೂಪಾಯಿಯಲ್ಲಿ ನೂರಕ್ಕೆ ಮೂವತ್ತರಂತೆ ಲಕೋಟೆಗೆ 210. ಫಿಲಮು ಇತ್ಯಾದಿಗೆ 50. ಕೈಗೆ ನಿಲ್ಲುವುದು 650 ಅಲ್ಲ, 440. ಎರಡು ಲಕ್ಷದ ಅರವತ್ತು ಸಾವಿರವನ್ನು 440ರಿಂದ ಭಾಗಿಸಿ: ತಿಂಗಳಿಗೆ 591 ಪರೀಕ್ಷೆ, ದಿನಕ್ಕೆ 24. ಮೊದಲು ಹದಿನಾರಕ್ಕೆ ತೀರುತ್ತಿದ್ದ ಖರ್ಚು ಈಗ ಇಪ್ಪತ್ತನಾಲ್ಕಕ್ಕೆ ತೀರಬೇಕು. ಆ ಎಂಟು ಮಂದಿ ಎಲ್ಲಿಂದ ಬರಬೇಕು? ಊರಿನಲ್ಲಿ ರೋಗ ಹೆಚ್ಚಾಗುವುದಿಲ್ಲವಲ್ಲ! ಬೇಡವಾದವರಿಗೂ ಬರೆಸಬೇಕು. ಅದು ಬೇಡವೆಂದರೆ ಇನ್ನೊಂದು ದಾರಿ: ಕೈಗೆ 650ಏ ನಿಲ್ಲಬೇಕಾದರೆ ದರವನ್ನು 1,000 ರೂಪಾಯಿ ಮಾಡಬೇಕು. ಸಾವಿರದಲ್ಲಿ 300 ಲಕೋಟೆಗೆ, 50 ಸಾಮಗ್ರಿಗೆ, ಉಳಿದದ್ದು 650. ಎಂದರೆ ಲಕೋಟೆಯನ್ನು ಅಳಿಯ ಕೊಡುವುದೂ ಅಲ್ಲ, ನಾನು ಕೊಡುವುದೂ ಅಲ್ಲ. ನಮ್ಮ ಕಣ್ಣೆದುರಿಗೆ ನೋಟು ಎಣಿಸುತ್ತಿದ್ದ ಆ ತಾಯಿ ಇನ್ನೂ 300 ರೂಪಾಯಿ ಎಣಿಸಬೇಕು. ಅವಳಿಗೆ ಗೊತ್ತೂ ಆಗುವುದಿಲ್ಲ, ರಶೀದಿಯಲ್ಲಿ ಕಾಣುವುದೂ ಇಲ್ಲ. ಖಾತೆಪುಸ್ತಕದ ಈ ಗುಪ್ತಸಂಖ್ಯೆಯೇ ನಿಜವಾದ 'ಕ್ಷ' ಎಂದು ನನಗೆ ಆಗ ಅನ್ನಿಸಿತು.

ಆ ಚೀಟಿಯನ್ನು ಒಯ್ದು ಅಳಿಯನ ಮುಂದಿಟ್ಟೆ. "ರಾತ್ರಿ ಹೇಳಿದ್ದು ತಪ್ಪಾಯಿತಪ್ಪ" ಎಂದೆ. ಅವನು ಲೆಕ್ಕವನ್ನು ಓದಿ, "ನಾನು ರಾತ್ರಿಯೇ ಬೇಡ ಅಂತ ತೀರ್ಮಾನ ಮಾಡಿದ್ದೆ ಮಾವ. ನಿಮ್ಮ ರುಜು ಇದೆಯಲ್ಲ, ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ" ಎಂದ. ಆ ಹುಡುಗಿಯ ಹೊಟ್ಟೆಯಲ್ಲಿ ಅಪೆಂಡಿಕ್ಸ್ ಊದಿಕೊಂಡಿರುವುದು ಸ್ಕ್ಯಾನಿಂಗಿನಲ್ಲಿ ಕಂಡಿತು. ಅಳಿಯ ಕಾಗದಕ್ಕೆ ಕಾಯದೆ ಆಕೆಯ ಡಾಕ್ಟರಿಗೆ ತಾನೇ ಟೆಲಿಫೋನ್ ಮಾಡಿದ. ಅಂದೇ ಸಂಜೆ ಶಸ್ತ್ರಚಿಕಿತ್ಸೆ ಆಯಿತು. ಹುಡುಗಿ ಗುಣವಾಗಿ ಊರಿಗೆ ಹೋದಳು.

ಲಕೋಟೆ ಬೇಡವೆಂದದ್ದರ ಫಲ ಕೂಡಲೆ ಬಂದಿತು. ಎರಡು ಕಡೆಯಿಂದ ರೋಗಿಗಳು ಬರುವುದು ನಿಂತೇ ಹೋಯಿತು. ಹತ್ತು ಇದ್ದದ್ದು ಎಂಟಕ್ಕೆ ಇಳಿಯಿತು. ಮುಂದಿನ ನಾಲ್ಕು ತಿಂಗಳ ಕಂತಿಗೆ ನನ್ನ ಭವಿಷ್ಯನಿಧಿಯಿಂದ ಮುಂಗಡ ತೆಗೆದು ಕೊಟ್ಟೆ. ನಮ್ಮ ಮನೆಯವರು ಅದಕ್ಕೆ ಏನು ಹೇಳಿದರೆಂಬುದನ್ನು ಆಕಾಶವಾಣಿಯಲ್ಲಿ ಹೇಳುವುದು ಉಚಿತವಲ್ಲ. ಒಳ್ಳೆಯದು ಮಾಡಿದೊಡನೆ ಒಳ್ಳೆಯದಾಗುತ್ತದೆ ಎಂದು ಪಾಠಪುಸ್ತಕದಲ್ಲಿ ಇರುವುದು ಪುಟ ಕಡಿಮೆ ಇರುವುದರಿಂದ. ಬದುಕಿನಲ್ಲಿ ನಡುವೆ ಕೆಲವು ತಿಂಗಳು ಇರುತ್ತವೆ.

ಆ ತಿಂಗಳುಗಳಲ್ಲಿ ಮಾಡಿದ ಕೆಲಸವನ್ನು ಹೇಳುತ್ತೇನೆ. ಬೇರೆ ಕಸುಬಿನವರಿಗೂ ಇದು ಪ್ರಯೋಜನಕ್ಕೆ ಬಂದೀತು.

ಮೊದಲನೆಯದು, ಬಸ್ಸಿನ ವೇಳೆ. ನಮ್ಮ ಊರಿಗೆ ಹಳ್ಳಿಯವರು ಬೆಳಗಿನ ಬಸ್ಸಿಗೆ ಬಂದು, ಮೊದಲು ಡಾಕ್ಟರನ್ನು ಕಂಡು, ಆಮೇಲೆ ಸ್ಕ್ಯಾನಿಂಗಿಗೆ ಬಂದು, ವರದಿ ಹಿಡಿದು ಮತ್ತೆ ಡಾಕ್ಟರಲ್ಲಿಗೆ ಹೋಗುವಷ್ಟರಲ್ಲಿ ಅವರು ಊಟಕ್ಕೆ ಎದ್ದಿರುತ್ತಾರೆ. ಆ ಒಂದು ಕಾಗದಕ್ಕಾಗಿ ಮರುದಿನ ಮತ್ತೆ ಬರಬೇಕು. ಬಸ್ಸಿನ ಖರ್ಚು, ಒಂದು ದಿನದ ಕೂಲಿ ಎರಡೂ ಹೋಯಿತು. ಹಳ್ಳಿಯಿಂದ ಬಂದವರಿಗೆ ಮೊದಲು, ಊರಿನವರಿಗೆ ಆಮೇಲೆ ಎಂದು ಮಾಡಿದೆವು. ಹನ್ನೆರಡರೊಳಗೆ ಪರೀಕ್ಷೆಯಾದವರಿಗೆ ಒಂದು ಗಂಟೆಯೊಳಗೆ ವರದಿ. ಊರಿನ ಕೆಲವರು ಮುನಿಸಿಕೊಂಡರು. ಆದರೆ ಹಳ್ಳಿಯ ಬಸ್ಸಿನಲ್ಲಿ ಹೋಗುವ ಮಾತಿಗಿಂತ ದೊಡ್ಡ ಪ್ರಚಾರ ಇನ್ನೊಂದಿಲ್ಲ. ಅದಕ್ಕೆ ಪ್ರಚಾರ ವೆಚ್ಚವೂ ಇಲ್ಲ.

ಎರಡನೆಯದು, ಮುಂಚಿತವಾಗಿ ಹೇಳುವುದು. ಪಿತ್ತಕೋಶ ನೋಡಬೇಕಾದರೆ ಬರಿಹೊಟ್ಟೆಯಲ್ಲಿ ಬರಬೇಕು. ಕಿಬ್ಬೊಟ್ಟೆ ನೋಡಬೇಕಾದರೆ ನೀರು ಕುಡಿದು ಮೂತ್ರಕೋಶ ತುಂಬಿಕೊಂಡಿರಬೇಕು. ಇದು ತಿಳಿಯದೆ ಇಡ್ಲಿ ತಿಂದು ಬಂದವರನ್ನು ಹಿಂದಕ್ಕೆ ಕಳಿಸಿದಾಗಲೆಲ್ಲ ಅವರ ದಿನವೂ ಕೆಟ್ಟಿತು, ಯಂತ್ರದ ಅರ್ಧ ಗಂಟೆಯೂ ಕೆಟ್ಟಿತು. ನಾನು ತಿಳಿಗನ್ನಡದಲ್ಲಿ ಒಂದು ಚೀಟಿ ಬರೆದು ಅಚ್ಚು ಹಾಕಿಸಿ ಊರಿನ ಡಾಕ್ಟರುಗಳ ಮೇಜಿಗೆ ಕೊಟ್ಟೆ. ಪಂಡಿತನ ವಿದ್ಯೆ ಉಪಯೋಗಕ್ಕೆ ಬಂದದ್ದು ಅಲ್ಲಿ ಒಂದು ಸಲ.

ಇನ್ನೊಂದು ಸಲ ಬಂದದ್ದು ಕರಾರುಪತ್ರದಲ್ಲಿ. ಯಂತ್ರದ ವಾರ್ಷಿಕ ದುರಸ್ತಿಯ ಒಪ್ಪಂದದಲ್ಲಿ ಎರಡು ಬಗೆ. ಒಂದರಲ್ಲಿ ಕೆಲಸದವನು ಬಂದು ನೋಡುವುದು ಮಾತ್ರ ಸೇರುತ್ತದೆ. ಬಿಡಿಭಾಗದ ಬೆಲೆ ನಮ್ಮದು. ಇನ್ನೊಂದರಲ್ಲಿ ಬಿಡಿಭಾಗವೂ ಸೇರುತ್ತದೆ; ಹಣ ಹೆಚ್ಚು. ಅಲ್ಟ್ರಾಸೌಂಡಿನಲ್ಲಿ ಮೈಮೇಲೆ ಆಡಿಸುವ ಹಿಡಿ ಇದೆಯಲ್ಲ, ಪ್ರೋಬು, ಅದೇ ಯಂತ್ರದ ಜೀವ. ಕೈತಪ್ಪಿ ನೆಲಕ್ಕೆ ಬಿದ್ದರೆ ದೊಡ್ಡ ಮೊತ್ತವೇ ಬಿದ್ದಂತೆ. ನಮ್ಮ ಒಪ್ಪಂದದಲ್ಲಿ 'ಎಲ್ಲ ಭಾಗಗಳೂ' ಎಂದು ಮೊದಲ ಪುಟದಲ್ಲಿ ಬರೆದು, ಆರನೆಯ ಪುಟದಲ್ಲಿ 'ಪ್ರೋಬನ್ನು ಹೊರತುಪಡಿಸಿ' ಎಂದು ಸಣ್ಣ ಅಕ್ಷರದಲ್ಲಿ ಹಾಕಿದ್ದರು. ಹಳೆಯ ಕಾವ್ಯದ ಟೀಕೆಯನ್ನು ಓದಿ ಪಳಗಿದ ಕಣ್ಣಿಗೆ ಅದು ಸಿಕ್ಕಿತು. ಮುಂದಿನ ವರ್ಷದ ಕರಾರಿನಲ್ಲಿ ಆ ಮಾತನ್ನು ತೆಗೆಸಿದೆವು.

ಮೂರನೆಯದು, ಸವಕಳಿ. ಯಂತ್ರಕ್ಕೂ ಮುಪ್ಪುಂಟು. ಸಾಲ ತೀರುವ ಹೊತ್ತಿಗೆ ಯಂತ್ರ ಹಳೆಯದಾಗಿ ಹೊಸದಕ್ಕೆ ಮತ್ತೆ ಸಾಲ ಮಾಡಿದರೆ ಡಾಕ್ಟರನ ಜನ್ಮವೆಲ್ಲ ಬ್ಯಾಂಕಿಗೆ ಜೀತ. ಎತ್ತು ಮುದಿಯಾಗುವುದಕ್ಕೆ ಮುಂಚೆ ಕರು ಸಾಕಬೇಕು. ಕೊರತೆ ತುಂಬಿದ ಮೊದಲ ತಿಂಗಳಿನಿಂದಲೇ ಬೇರೊಂದು ಖಾತೆಗೆ ಸ್ವಲ್ಪ ಸ್ವಲ್ಪ ಹಾಕತೊಡಗಿದೆವು. ತೆರಿಗೆಯ ವಿಷಯವನ್ನೂ ಇಲ್ಲಿ ಹೇಳಬೇಕು. 2017ರಲ್ಲಿ ಜಿ.ಎಸ್.ಟಿ. ಬಂದಾಗ ವೈದ್ಯಸೇವೆಗೆ ಅದರಿಂದ ವಿನಾಯಿತಿ ದೊರೆಯಿತು. ರೋಗಿಯಿಂದ ತೆರಿಗೆ ತೆಗೆದುಕೊಳ್ಳುವಂತಿಲ್ಲ, ಸಂತೋಷ. ಆದರೆ ಯಂತ್ರ ಕೊಳ್ಳುವಾಗ ಕಟ್ಟಿದ ತೆರಿಗೆ ಬೇರೆ ವ್ಯಾಪಾರಿಗಳಿಗೆ ಹಿಂದಕ್ಕೆ ಬರುವಂತೆ ಇವರಿಗೆ ಬರುವುದಿಲ್ಲ. ಅದು ಯಂತ್ರದ ಬೆಲೆಯೊಳಗೇ ಸೇರಿಹೋಯಿತು. ಲೆಕ್ಕ ಹಾಕುವಾಗ ಇದನ್ನು ಮರೆತವರು ಆಮೇಲೆ ಹಣೆ ಒತ್ತಿಕೊಳ್ಳುತ್ತಾರೆ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಮಧ್ಯಾಹ್ನ ಮೂರರಿಂದ ಐದರವರೆಗೆ ಯಂತ್ರ ಸುಮ್ಮನೆ ನಿಂತಿರುತ್ತದೆ. ಆ ಹೊತ್ತಿನಲ್ಲಿ ಒಬ್ಬ ಬಡವನಿಗೆ ಪುಕ್ಕಟೆಯಾಗಿ ಪರೀಕ್ಷೆ ಮಾಡಿದರೆ ನಮಗೆ ಆಗುವ ನಷ್ಟವೆಷ್ಟು? 700 ಅಲ್ಲ, ಬರಿಯ 50 ರೂಪಾಯಿ. ಉಳಿದ ಖರ್ಚು ಅವನು ಬಾರದಿದ್ದರೂ ಆಗುತ್ತಿತ್ತು. ತಿಂಗಳಿಗೆ ಇಪ್ಪತ್ತು ಮಂದಿಗೆ ಮಾಡಿದರೆ 1,000 ರೂಪಾಯಿ. ಇದನ್ನು ಗುಟ್ಟಾಗಿ ಮಾಡದೆ, ಖಾತೆಯಲ್ಲಿ 'ರಿಯಾಯಿತಿ' ಎಂದು ಒಂದು ಸಾಲು ತೆರೆದು, ಬಾಗಿಲಲ್ಲಿ ದರಪಟ್ಟಿಯ ಕೆಳಗೇ ಬರೆದು ಹಾಕಿದೆವು. ಲಕೋಟೆಗೆ ಕೊಡಬೇಕಾಗಿದ್ದ ಹಣದ ಒಂದು ಚೂರಿನಲ್ಲಿ ಇಪ್ಪತ್ತು ಮನೆಯ ಕೆಲಸ ಆಯಿತು.

ದೇವರು ದೊಡ್ಡವನು, ಊರಿನ ಎಲ್ಲ ವೈದ್ಯರೂ ಲಕೋಟೆಯವರಲ್ಲ. ಒಬ್ಬ ಹಿರಿಯ ಡಾಕ್ಟರು ಒಂದು ಮಧ್ಯಾಹ್ನ ತಾವೇ ನಡೆದು ಬಂದರು. "ನಿಮ್ಮ ಹುಡುಗನ ವರದಿ ಓದುವುದಕ್ಕೆ ಆಗುತ್ತದೆ, ಮೇಷ್ಟ್ರೇ. ಅನುಮಾನ ಇದ್ದಲ್ಲಿ ಅನುಮಾನ ಅಂತಲೇ ಬರೆಯುತ್ತಾನೆ. ಅವಸರದ ಸಂಗತಿ ಇದ್ದರೆ ತಾನೇ ಫೋನು ಮಾಡುತ್ತಾನೆ" ಎಂದರು. ಈ ಕಸುಬಿನಲ್ಲಿ ಮಾರಾಟವಾಗುವುದು ಚಿತ್ರವಲ್ಲ, ಆ ಚಿತ್ರವನ್ನು ಓದಿ ಹೇಳುವ ಮಾತು ಎಂಬುದು ನನಗೆ ಆ ಹೊತ್ತು ತಿಳಿಯಿತು. ಕಾವ್ಯಕ್ಕೂ ಹಾಗೆಯೇ ಅಲ್ಲವೆ? ಓಲೆ ಎಲ್ಲರ ಮನೆಯಲ್ಲೂ ಇರಬಹುದು. ಅರ್ಥ ಹೇಳುವವನು ಬೇಕು.

2024ರ ಕೊನೆಯ ಹೊತ್ತಿಗೆ ದಿನದ ಸಂಖ್ಯೆ ಹದಿನಾರನ್ನು ಮುಟ್ಟಿತು. ಕೆಲವು ದಿನ ಹದಿನೆಂಟು, ಕೆಲವು ದಿನ ಹದಿಮೂರು. ನನ್ನ ಭವಿಷ್ಯನಿಧಿಯ ಹಣವನ್ನು ಅಳಿಯ ಕಂತು ಕಂತಾಗಿ ಹಿಂದಕ್ಕೆ ಕೊಟ್ಟ. ಅವನು ಶ್ರೀಮಂತನಾಗಿಲ್ಲ. ಕಾರು ಕೊಂಡಿಲ್ಲ, ಹಳೆಯ ಸ್ಕೂಟರಿನಲ್ಲಿಯೇ ಓಡಾಡುತ್ತಾನೆ. ಆ ಎರಡು ಕಡೆಯವರು ಮತ್ತೆ ಕಳಿಸಲೂ ಇಲ್ಲ. ತಂಗಿಯ ಮನೆಯ ಪತ್ರ ಇನ್ನೂ ಬ್ಯಾಂಕಿನಲ್ಲಿಯೇ ಇದೆ. ಆದರೆ ತಿಂಗಳ ಕೊನೆಯಲ್ಲಿ ಅವನ ಖಾತೆಪುಸ್ತಕವನ್ನು ಯಾರು ಬೇಕಾದರೂ ತೆರೆದು ನೋಡಬಹುದು.

ಕಡೆಯದಾಗಿ ಕೇಳುತ್ತಿರುವ ನಿಮಗೆ ನಾಲ್ಕು ಮಾತು. ಇಂಥ ಕೇಂದ್ರಕ್ಕೆ ಹೋದಾಗ ದರವನ್ನು ಮೊದಲೇ ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ. ರಶೀದಿಯಿಲ್ಲದೆ ಹಣ ಕೊಡಬೇಡಿ. "ಇಲ್ಲಿಯೇ ಮಾಡಿಸಬೇಕೋ, ಬೇರೆ ಕಡೆಯೂ ಆದೀತೋ?" ಎಂದು ನಿಮ್ಮ ಡಾಕ್ಟರನ್ನು ವಿನಯದಿಂದ ಕೇಳಿ, ಒಳ್ಳೆಯ ಡಾಕ್ಟರು ಅದಕ್ಕೆ ಬೇಸರಪಡುವುದಿಲ್ಲ. ಹಳೆಯ ಚಿತ್ರ, ಹಳೆಯ ವರದಿಗಳನ್ನು ಎಸೆಯದೆ ಜೊತೆಗೆ ಒಯ್ಯಿರಿ. ಹೋಲಿಸಿ ನೋಡಿದರೆ ಎಷ್ಟೋ ವೇಳೆ ಹೊಸ ಪರೀಕ್ಷೆಯೇ ತಪ್ಪುತ್ತದೆ. ಹೆಣ್ಣುಮಕ್ಕಳು ಗರ್ಭಿಣಿಯಾಗಿರುವ ಸಂಭವವಿದ್ದರೆ ಎಕ್ಸ್‌ರೇಗೆ ಮುಂಚೆ ಅದನ್ನು ತಪ್ಪದೆ ಹೇಳಬೇಕು. ಮತ್ತು ಗಂಡೋ ಹೆಣ್ಣೋ ಎಂಬ ಪ್ರಶ್ನೆಯನ್ನು ಮಾತ್ರ ಮನೆಯಿಂದ ಹೊರಡುವಾಗಲೇ ಬಿಟ್ಟು ಹೊರಡಿ.

ಆ ಅಪೆಂಡಿಕ್ಸಿನ ಹುಡುಗಿ ಈಗ ನಮ್ಮ ಶಾಲೆಯಲ್ಲಿಯೇ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಕನ್ನಡ ಚೆನ್ನಾಗಿ ಓದುತ್ತಾಳೆ. ಲೆಕ್ಕದಲ್ಲಿ ಮಾತ್ರ ಸ್ವಲ್ಪ ಹಿಂದೆ. ಮೊನ್ನೆ ಬಂದು "ಸಾರ್, ಈ ಕ್ಷ ಅಂದರೆ ಎಷ್ಟು?" ಎಂದು ಕೇಳಿದಳು. "ಅದು ಗೊತ್ತಿಲ್ಲದ ಸಂಖ್ಯೆ ಮಗೂ. ಎರಡೂ ಕಡೆ ಸರಿಯಾಗಿ ಬರೆದರೆ ತಾನಾಗಿ ಗೊತ್ತಾಗುತ್ತದೆ" ಎಂದು ಹೇಳಿ, ಗಣಿತದ ಮೇಷ್ಟರ ಹತ್ತಿರ ಕಳಿಸಿದೆ.